ನಾಲ್ಕು ಹಸು ಕಟ್ಟುವ ಮುಂಚೆ ಹಾಕಬೇಕಾದ ಲೆಕ್ಕ

"ಒಂದು ಹಸುವಿಗೆ ಎಂಬತ್ತು ಸಾವಿರ. ಎರಡು ತಂದರೆ ಒಂದೂ ಅರವತ್ತು. ಮಿಕ್ಕಿದ್ದು ಹಾಲಿನ ದುಡ್ಡಲ್ಲೇ ಆಗುತ್ತೆ ಬಿಡು." ಹಸು ಕಟ್ಟಬೇಕು ಅಂತ ಹೊರಟ ಬಹಳಷ್ಟು ಮನೆಗಳಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ನಮ್ಮ ಮನೆಯಲ್ಲೂ ಇಲ್ಲಿಗೇ ನಿಂತಿತ್ತು. ಮೊದಲ ಐದಾರು ತಿಂಗಳು ಬಟವಾಡೆ, ಅಂದರೆ ಡೈರಿಯಿಂದ ಬರುವ ಹಾಲಿನ ದುಡ್ಡು, ಚೆನ್ನಾಗಿಯೇ ಬಂತು. ಆಮೇಲೆ ಎರಡೂ ಹಸು ಹೆಚ್ಚುಕಡಿಮೆ ಒಟ್ಟಿಗೇ ಬತ್ತಿದವು. ಡೈರಿಗೆ ಕ್ಯಾನ್ ಹೋಗುವುದು ನಿಂತಿತು, ಹಿಂಡಿ ಅಂಗಡಿಯ ಸಾಲ ಮಾತ್ರ ನಿಲ್ಲಲಿಲ್ಲ.

ಹಸು ತಂದ ದಿನದ ಖರ್ಚಿನಿಂದ ಯಾರೂ ಸೋಲುವುದಿಲ್ಲ. ಸೋಲುವುದು ಹಾಲಿಲ್ಲದ ತಿಂಗಳುಗಳಲ್ಲಿ. ಹಾಗಾಗಿ ಇಲ್ಲಿ ಹಾಕುವ ಲೆಕ್ಕ ಮೊದಲ ದಿನದ್ದಲ್ಲ, ಮೊದಲ ವರ್ಷದ್ದು.

ಉದಾಹರಣೆಗೆ ಹಳೇ ಮೈಸೂರು ಕಡೆಯ ಒಂದು ಸಾಮಾನ್ಯ ಮನೆ ತೆಗೆದುಕೊಳ್ಳೋಣ. ಒಂದು ಎಕರೆಯಷ್ಟು ನೀರಾವರಿ ಜಾಗ, ಊರಲ್ಲೇ ಹಾಲು ಉತ್ಪಾದಕರ ಸಹಕಾರ ಸಂಘ, ಮನೆಯಲ್ಲಿ ದುಡಿಯುವ ಇಬ್ಬರು. ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳು. ಹಳ್ಳಿಕಾರ್‌ನಂಥ ನಾಟಿ ತಳಿಯ ಲೆಕ್ಕವೇ ಬೇರೆ. ಅದನ್ನು ಡೈರಿ ಹಾಲಿನ ಲೆಕ್ಕಕ್ಕೆ ಬೆರೆಸಬೇಡಿ. ಕೆಳಗಿನ ದರಗಳು ನಾನು ಲೆಕ್ಕಕ್ಕೆ ಅಂತ ಹಿಡಿದುಕೊಂಡಿರುವವು: ಹಿಂಡಿ ಕೆಜಿಗೆ 26 ರೂಪಾಯಿ, ಒಣ ಹುಲ್ಲು ಕೆಜಿಗೆ 6, ಹಾಲು ಲೀಟರಿಗೆ 34. ನಿಮ್ಮೂರಿನ ದರ ಹಾಕಿ ಮತ್ತೆ ಗುಣಿಸಿ ನೋಡಿ. ಲೆಕ್ಕದ ದಾರಿ ಮಾತ್ರ ಇದೇ.

ಮೊದಲ ಹೆಜ್ಜೆ: ಹಸುವಲ್ಲ, ಮೇವು

ಹಸು ತರುವ ಮೂರು ತಿಂಗಳ ಮೊದಲೇ ಮೇವು ನೆಡಬೇಕು. ನೇಪಿಯರ್ ಹುಲ್ಲಿನ ಎರಡು ಗಿಣ್ಣಿನ ತುಂಡು ತಂದು ನೆಟ್ಟರೆ ಮೊದಲ ಕೊಯ್ಲಿಗೆ 70ರಿಂದ 75 ದಿನ ಬೇಕು. ಆಮೇಲೆ ಸುಮಾರು 45 ದಿನಕ್ಕೊಮ್ಮೆ ಕೊಯ್ಯಬಹುದು. ನೀರಿದ್ದರೆ ಒಂದು ಎಕರೆ ನಾಲ್ಕು ಹಸುವಿಗೆ ಧಾರಾಳವಾಗಿ ಸಾಲುತ್ತದೆ. ಒಂದು ಬದಿಗೆ ಬೇಲಿ ಮೆಂತ್ಯ ಅನ್ನುವ ದ್ವಿದಳ ಮೇವು ಹಾಕಿ. ಬರೀ ನೇಪಿಯರ್‌ನಲ್ಲಿ ಹೊಟ್ಟೆ ತುಂಬುತ್ತದೆ, ಬೇಲಿ ಮೆಂತ್ಯದಲ್ಲಿ ಪ್ರೋಟೀನ್ ಇರುತ್ತದೆ, ಹಿಂಡಿ ಸ್ವಲ್ಪ ಉಳಿಯುತ್ತದೆ. ಉಳುಮೆ, ಗೊಬ್ಬರ, ಬಿತ್ತನೆ ತುಂಡು, ಪೈಪು ಸೇರಿ 15,000 ಇಡಿ.

ಒಣ ಹುಲ್ಲಿಗೂ ಒಂದು ಕಾಲವಿದೆ. ರಾಗಿ ಕೊಯ್ಲು ಮುಗಿದು ಒಕ್ಕಣೆ ನಡೆಯುವ ಡಿಸೆಂಬರ್, ಜನವರಿಯಲ್ಲಿ ಹುಲ್ಲು ಅಗ್ಗ. ಏಪ್ರಿಲ್‌ನಲ್ಲಿ ಅದೇ ಹುಲ್ಲಿಗೆ ಜಾಸ್ತಿ ಕೊಡಬೇಕು, ಅದೂ ಸಿಕ್ಕರೆ. ಒಂದು ಹಸುವಿಗೆ ದಿನಕ್ಕೆ 5 ಕೆಜಿ ಅಂತ ಹಿಡಿಯಿರಿ. ಎರಡು ಹಸುವಿಗೆ ವರ್ಷಪೂರ್ತಿ, ಇನ್ನೆರಡಕ್ಕೆ ಅರ್ಧ ವರ್ಷ ಅಂದರೆ ಐದೂವರೆ ಟನ್ ಹತ್ತಿರ ಆಗುತ್ತದೆ. 33,000 ರೂಪಾಯಿ. ಇದನ್ನು ಒಂದೇ ಸಲ ಕೊಂಡು ಬಣವೆ ಒಟ್ಟಿಬಿಡಿ. ಬಣವೆ ಕೆಳಗೆ ಕಲ್ಲೋ ಮರದ ದಿಮ್ಮಿಯೋ ಹಾಕಿ. ನೆಲಕ್ಕೇ ಒಟ್ಟಿದರೆ ಕೆಳಗಿನ ಒಂದು ಮೊಳ ಮುಗ್ಗಲು ಹಿಡಿಯುತ್ತದೆ, ಹಸು ಮೂತಿ ಕೂಡ ಹಾಕಲ್ಲ.

ಹಸಿ ಮೇವನ್ನೂ ದುಡ್ಡು ಕೊಟ್ಟೇ ತರುತ್ತೇನೆ ಅನ್ನುವವರಿಗೆ ನನ್ನ ಮಾತು ಒಂದೇ. ಜಾಗ ಇಲ್ಲದಿದ್ದರೆ ಈಗಲೇ ಹಸು ತರಬೇಡಿ. ಯಾಕೆ ಅಂತ ಮುಂದೆ ಬರುವ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಕೊಟ್ಟಿಗೆ: ಇಲ್ಲಿ ದುಡ್ಡು ಉಳಿಸಬಹುದು

ಹೊಸಬರು ಅತಿ ಹೆಚ್ಚು ಖರ್ಚು ಮಾಡುವುದು ಇಲ್ಲೇ. ಟೈಲ್ಸ್ ಹಾಕಿದ ಗೋದಲಿ, ಎತ್ತರದ ಗೋಡೆ, ಫ್ಯಾನು. ಹಸುವಿಗೆ ಬೇಕಿರುವುದು ಗಾಳಿ, ನೆರಳು, ಜಾರದ ನೆಲ, ನಿಲ್ಲದ ಗಂಜಲ. ಇಷ್ಟೇ.

ಒಂದು ಹಸುವಿಗೆ ಸೂರಿನ ಕೆಳಗೆ ಸುಮಾರು 3.5 ಚದರ ಮೀಟರ್, ಅಂದರೆ 38 ಚದರ ಅಡಿ ಜಾಗ ಸಾಕು. ನಾಲ್ಕು ಹಸು, ಕರುಗಳ ಜಾಗ, ಹಿಂಡಿ ಮೂಟೆ ಇಡುವ ಮೂಲೆ ಎಲ್ಲಾ ಸೇರಿ 300 ಚದರ ಅಡಿ. ಕಬ್ಬಿಣದ ಪೈಪು, ಶೀಟು, ಗೀರು ಹಾಕಿದ ಸಿಮೆಂಟ್ ನೆಲ ಮಾಡಿಸಿದರೆ ಚದರ ಅಡಿಗೆ 300ರಂತೆ 90,000 ಆಗುತ್ತದೆ. ಉದ್ದ ಪೂರ್ವ ಪಶ್ಚಿಮಕ್ಕಿರಲಿ, ಆಗ ಮಧ್ಯಾಹ್ನದ ಬಿಸಿಲು ಒಳಗೆ ಕಮ್ಮಿ ಬೀಳುತ್ತದೆ. ನೆಲ 40 ಅಡಿಗೆ ಒಂದು ಅಡಿಯಷ್ಟು ಇಳಿಜಾರಿದ್ದರೆ ಗಂಜಲ ತಾನಾಗಿ ಚರಂಡಿಗೆ ಹರಿಯುತ್ತದೆ. ಇಳಿಜಾರು ಜಾಸ್ತಿ ಮಾಡಿದರೆ ಗಬ್ಬದ ಹಸು ಜಾರುತ್ತದೆ.

ಮನೆ ಹಿಂದೆ ಹಳೇ ಕೊಟ್ಟಿಗೆ ಇದ್ದರೆ ದಯವಿಟ್ಟು ಅದನ್ನೇ ರಿಪೇರಿ ಮಾಡಿಸಿ. 30,000 ರೂಪಾಯಿಯಲ್ಲಿ ಮುಗಿಯುತ್ತದೆ. ಮಿಕ್ಕ 60,000 ನಿಮ್ಮ ಆಪತ್ತಿನ ದುಡ್ಡು. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಹಳ್ಳಿಗಳಲ್ಲಿ ಕೊಟ್ಟಿಗೆ ಎದ್ದಿವೆ. ಈಗಿನ ನಿಯಮ ಏನಿದೆ ಅಂತ ಪಂಚಾಯಿತಿಯಲ್ಲಿ ಕೇಳಿ, ಆದರೆ ಆ ಹಣ ಕೈಗೆ ಬರುವವರೆಗೂ ಲೆಕ್ಕದ ಪುಸ್ತಕಕ್ಕೆ ಬರೆಯಬೇಡಿ.

ನಾನು ಉಳಿಸಬೇಡಿ ಅನ್ನುವ ಎರಡು ವಸ್ತು ಇವೆ. ಒಂದು ರಬ್ಬರ್ ಮ್ಯಾಟು, ನಾಲ್ಕಕ್ಕೆ 10,000. ಗಟ್ಟಿ ಸಿಮೆಂಟಿನ ಮೇಲೆ ಮಲಗಿ ಏಳುವ ಭಾರದ ಹಸುವಿನ ಮೊಣಕಾಲು ಒಮ್ಮೆ ನೋಡಿ. ಕೂದಲು ಉದುರಿ, ಚರ್ಮ ದಪ್ಪಗಾಗಿ, ಆಮೇಲೆ ಊದಿಕೊಳ್ಳುತ್ತದೆ. ನೋವಿರುವ ಹಸು ಮಲಗುವುದು ಕಮ್ಮಿ ಮಾಡುತ್ತದೆ. ಮಲಗದ ಹಸು ಸರಿಯಾಗಿ ಮೆಲುಕು ಹಾಕಲ್ಲ. ಇನ್ನೊಂದು ಮೇವು ಕತ್ತರಿಸುವ ಯಂತ್ರ, 2 ಎಚ್‌ಪಿಯದ್ದು, 25,000. ಉದ್ದ ಹುಲ್ಲು ಹಾಗೇ ಹಾಕಿದರೆ ಹಸು ಎಲೆ ತಿಂದು ದಂಟನ್ನು ಕಾಲ ಕೆಳಗೆ ತುಳಿಯುತ್ತದೆ. ನೆಟ್ಟು, ನೀರು ಹಾಯಿಸಿ, ಕೊಯ್ದು ಹೊತ್ತು ತಂದಿದ್ದು ಸಗಣಿ ಜೊತೆ ತಿಪ್ಪೆಗೆ ಹೋಗುತ್ತದೆ. ಹಾಲು ಕರೆಯುವ ಯಂತ್ರ ಮಾತ್ರ ನಾಲ್ಕು ಹಸುವಿಗೆ ಬೇಡ.

ನೀರನ್ನು ಮರೆಯಬೇಡಿ. ಹಾಲು ಕೊಡುವ ಹಸು ಕುಡಿಯಲಿಕ್ಕೇ ದಿನಕ್ಕೆ 60ರಿಂದ 80 ಲೀಟರ್ ಬೇಕು. ತೊಳೆಯುವುದೂ ಸೇರಿದರೆ ನಾಲ್ಕು ಹಸುವಿಗೆ 500 ಲೀಟರ್ ಹಿಡಿಯಿರಿ. ತೊಟ್ಟಿ, ಪೈಪಿಗೆ 8,000. ಕ್ಯಾನು, ಬಕೆಟ್ಟು, ಹಗ್ಗ, ಕುಡುಗೋಲು ಅಂತ 6,000.

ಹಸು ಕೊಳ್ಳುವುದು

ಎರಡನೇ ಸೂಲಿನ, ಅಂದರೆ ಎರಡನೇ ಸಲ ಕರು ಹಾಕಿದ ಹಸು ನೋಡಿ. ಕರು ಹಾಕಿ ಹದಿನೈದು ದಿನದಿಂದ ಒಂದು ತಿಂಗಳು ಆಗಿರಲಿ, ಕರು ಜೊತೆಯಲ್ಲಿರಲಿ. ಮೊದಲ ಸೂಲಿನದರ ಹಾಲು ಎಷ್ಟಕ್ಕೆ ನಿಲ್ಲುತ್ತದೆ ಅಂತ ಹೇಳುವುದು ಕಷ್ಟ, ನಾಲ್ಕೈದು ಸೂಲು ದಾಟಿದ್ದರೆ ನಿಮಗೆ ಉಳಿಯುವುದು ಕಮ್ಮಿ. ದಿನಕ್ಕೆ 12 ಲೀಟರ್ ಕೊಡುವ ಹಸು ಹೊಸಬರಿಗೆ ಸರಿ. 20 ಲೀಟರಿನದು ಬೇಡ. ಅಷ್ಟು ಹಾಲು ಕೊಡುವ ಹಸುವಿನ ಮೇವು, ಆರೈಕೆ ಹೆಚ್ಚುಕಮ್ಮಿ ಆದರೆ ಹಾಲು ಜ್ವರ (ಕರು ಹಾಕುವ ಹೊತ್ತಿಗೆ ಮೈಯಲ್ಲಿ ಕ್ಯಾಲ್ಸಿಯಂ ಇಳಿಯುವುದು), ಕೆಚ್ಚಲು ಬಾವು ಅಂತ ಶುರುವಾಗುತ್ತದೆ.

ನಮ್ಮ ಮೊದಲ ಹಸುವಿನ ಕತೆ ಹೇಳಿಬಿಡುತ್ತೇನೆ. ಸಂತೆಯಲ್ಲಿ ಕೆಚ್ಚಲು ತುಂಬಿ ಮೊಲೆ ಹೊರಕ್ಕೆ ಚಾಚಿಕೊಂಡಿದ್ದವು. ಒಂದು ಹೊತ್ತಿಗೆ ಏಳು ಲೀಟರ್ ಅಂದರು, ಕರೆದೂ ತೋರಿಸಿದರು, ಏಳೇ ಬಂತು. ಮನೆಗೆ ತಂದ ಸಂಜೆ ನಾಲ್ಕು ಲೀಟರ್. ದಾರಿಯ ಸುಸ್ತು ಅಂದುಕೊಂಡೆವು. ಮಾರನೇ ಬೆಳಿಗ್ಗೆಯೂ ನಾಲ್ಕೂವರೆ. ಸಂತೆಯ ಹಿಂದಿನ ದಿನ ಸಂಜೆ ಮಾರುವವರು ಕರೆಯದೆ ಹಾಲು ಕಟ್ಟಿ ನಿಲ್ಲಿಸಿದ್ದರು. ಆ ಹಸು ಪಾಪ ಇಡೀ ರಾತ್ರಿ ನೋವು ತಿಂದಿರುತ್ತದೆ. ನಾವು ಕೊಟ್ಟಿದ್ದು ಹದಿನಾಲ್ಕು ಲೀಟರಿನ ಬೆಲೆ, ಸಿಕ್ಕಿದ್ದು ಒಂಬತ್ತು ಲೀಟರಿನ ಹಸು.

ಅದಕ್ಕೇ ಮೂರು ಹೊತ್ತು ಕರೆಸಿ ನೋಡಿ. ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ. ಮೊದಲ ಸಲದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಮೇಲಿನ ಎರಡನ್ನು ಕೂಡಿಸಿ. ಸಂತೆಯಲ್ಲಿ ಇದು ಆಗುವ ಮಾತಲ್ಲ, ಹಾಗಾಗಿ ಸಾಕಿದವರ ಮನೆಗೇ ಹೋಗಿ ಕೊಳ್ಳಿ. ನಾಲ್ಕೂ ಮೊಲೆಯ ಮೊದಲ ಎಳೆತವನ್ನು ಬೇರೆ ಬೇರೆಯಾಗಿ ಕಪ್ಪು ಬಟ್ಟೆಯ ಮೇಲೆ ಹಿಂಡಿ. ಹಾಲಲ್ಲಿ ಸಣ್ಣ ಮೊಸರಿನ ಚೂರಿನಂಥದ್ದು ಕಂಡರೆ ಕೆಚ್ಚಲು ಬಾವು ಒಳಗಿದೆ ಅಂತ ಅರ್ಥ. ಕೆಚ್ಚಲನ್ನು ಪೂರ್ತಿ ಕರೆದ ಮೇಲೆ ಮುಟ್ಟಿ ನೋಡಿ. ಖಾಲಿ ಚೀಲದ ಹಾಗೆ ಮೆತ್ತಗಾಗಬೇಕು. ಗಂಟು ಸಿಕ್ಕರೆ ಬೇಡ. ಕಿವಿಯ ಟ್ಯಾಗಿನ 12 ಅಂಕಿ ಬರೆದುಕೊಂಡು ನಿಮ್ಮ ಪಶುವೈದ್ಯರಿಗೆ ಕೊಡಿ, ದಾಖಲೆ ನೋಡಿ ಹೇಳುತ್ತಾರೆ. ವೈದ್ಯರನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೇದು. ಅವರ ಖರ್ಚು, ಗಾಡಿ ಬಾಡಿಗೆ ಸೇರಿ ಎರಡು ಸಲಕ್ಕೆ 8,000 ಇಡಿ.

ನಾಲ್ಕೂ ಹಸುವನ್ನು ಒಟ್ಟಿಗೆ ಮಾತ್ರ ತರಬೇಡಿ. ಈಗ ಎರಡು, ಐದಾರು ತಿಂಗಳ ನಂತರ ಎರಡು. ಹಸು ಬತ್ತುವ ಕಾಲ ಆಗ ಒಂದರ ಮೇಲೊಂದು ಬೀಳಲ್ಲ. ಒಂದು ಜೋಡಿ ಬತ್ತಿದಾಗ ಇನ್ನೊಂದು ಜೋಡಿಯ ಹಾಲು ಅದರ ಹೊಟ್ಟೆ ನೋಡಿಕೊಳ್ಳುತ್ತದೆ.

ಒಂದು ಹಸುವಿನ ಒಂದು ವರ್ಷ

ಇನ್ನು ನಿಜವಾದ ಲೆಕ್ಕ. ಪೆನ್ನು ಹಿಡಿದು ಕೂರಿ.

ಹಿಂಡಿಯ ವಾಡಿಕೆ ಅಳತೆ ಹೀಗೆ: ಮೈಗೆ ಅಂತ 2 ಕೆಜಿ, ಹಾಲಿಗೆ ಅಂತ ಲೀಟರಿಗೆ 400 ಗ್ರಾಂ. 12 ಲೀಟರ್ ಕೊಡುವಾಗ 6.8 ಕೆಜಿ ಹಿಂಡಿ, ಅಂದರೆ 177 ರೂಪಾಯಿ. ಒಣ ಹುಲ್ಲಿಗೆ 30. ಸ್ವಂತ ಹಸಿ ಮೇವಿನ ನೀರು, ಗೊಬ್ಬರ, ಕೊಯ್ಲಿಗೆ 30. ಖನಿಜ ಮಿಶ್ರಣಕ್ಕೆ 6. ದಿನಕ್ಕೆ 243 ರೂಪಾಯಿ ಖರ್ಚು, 408 ರೂಪಾಯಿ ಹಾಲು. 165 ಉಳಿಯಿತು ಅಂತ ಖುಷಿ ಆಗುತ್ತದೆ ಅಲ್ವಾ? ಆದರೆ 12 ಲೀಟರ್ ಅನ್ನುವುದು ಕರು ಹಾಕಿದ ಮೊದಲ ಎರಡು ಮೂರು ತಿಂಗಳ ಮಾತು. ಆಮೇಲೆ ಇಳಿಯುತ್ತಾ ಹೋಗುತ್ತದೆ. ಒಂದು ಸೂಲಿನ 300 ದಿನಕ್ಕೆ ಸರಾಸರಿ 9 ಲೀಟರ್ ಹಿಡಿಯಿರಿ.

9 ಲೀಟರಿಗೆ 300 ದಿನ ಅಂದರೆ 2,700 ಲೀಟರ್, 91,800 ರೂಪಾಯಿ. ಆ 300 ದಿನದ ಮೇವು, ಹಿಂಡಿಗೆ ದಿನಕ್ಕೆ 212ರಂತೆ 63,600. ಉಳಿದದ್ದು 28,200. ಮುಂದಿನ ಕರುವಿಗೆ ಮುಂಚೆ 60 ದಿನ ಹಾಲು ಬತ್ತಿಸಲೇಬೇಕು. ಆಗಲೂ ಅದಕ್ಕೆ ದಿನಕ್ಕೆ 118 ರೂಪಾಯಿ ಮೇವು ಬೇಕು. 7,080 ಹೋಯಿತು. ವಿಮೆ 3,500. ಕೃತಕ ಗರ್ಭಧಾರಣೆ, ಜಂತಿನ ಔಷಧಿ, ಸಣ್ಣಪುಟ್ಟ ಚಿಕಿತ್ಸೆಗೆ 3,000. ಕೊನೆಗೆ ಕೈಯಲ್ಲಿ ಉಳಿಯುವುದು 14,620.

ನಾಲ್ಕು ಹಸುವಿಗೆ 58,480. ತಿಂಗಳಿಗೆ ಐದು ಸಾವಿರಕ್ಕೂ ಕಮ್ಮಿ. ಇದರಲ್ಲಿ ನಿಮ್ಮ ಕೂಲಿ ಕಳೆದಿಲ್ಲ. ಹಾಗಾಗಿ ನಾಲ್ಕು ಹಸುವಿಗೆ ಸಂಬಳದ ಆಳು ಇಡುವ ಯೋಚನೆ ಬಿಟ್ಟುಬಿಡಿ. ಹಸಿ ಮೇವು ಕೊಂಡು ಹಾಕಿದರೆ ಈ ಐದು ಸಾವಿರವೂ ಇರಲ್ಲ. ಸಗಣಿ ಗೊಬ್ಬರ ಹೊಲಕ್ಕೆ, ಹೆಣ್ಣು ಕರು ನಾಳೆಗೆ. ಅವು ಈ ಲೆಕ್ಕದ ಹೊರಗಿನ ಗಳಿಕೆ, ನಿಜವಾದ ಗಳಿಕೆಯೂ ಹೌದು.

ಸಂಘಕ್ಕೆ ಹಾಲು ಹಾಕುವವರಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತಾ ಬಂದಿದೆ. 2,700 ಲೀಟರಿಗೆ ಇದು 13,500, ಹೆಚ್ಚುಕಡಿಮೆ ನಮ್ಮ ಉಳಿತಾಯದಷ್ಟೇ ದೊಡ್ಡದು. ಆದರೆ ಅದು ಬಟವಾಡೆಯ ಜೊತೆ ಬರಲ್ಲ, ಬೇರೆಯಾಗಿ, ತಡವಾಗಿ ಖಾತೆಗೆ ಬೀಳುತ್ತದೆ. ಅದನ್ನು ನಂಬಿ ಹಿಂಡಿ ಸಾಲ ಮಾಡಬೇಡಿ. ಹಾಲಿನ ದರವೂ ಅಷ್ಟೇ, 34 ಅನ್ನುವುದು ಶೇಕಡಾ 3.5 ಫ್ಯಾಟ್ (ಕೊಬ್ಬು), 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇರುವ ಹಾಲಿಗೆ ಅಂತ ಹಿಡಿದದ್ದು. ಬರೀ ಹಸಿ ಮೇವು ಹಾಕಿ ಒಣ ಹುಲ್ಲು ಕಮ್ಮಿ ಮಾಡಿದರೆ ಫ್ಯಾಟ್ ಇಳಿಯುತ್ತದೆ, ದರವೂ ಇಳಿಯುತ್ತದೆ.

ಮುದಿ ಹಸು ಮಾರಿದ ದುಡ್ಡನ್ನೂ ಲೆಕ್ಕಕ್ಕೆ ತರಬೇಡಿ. 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಗಬ್ಬ ನಿಲ್ಲದ ಹಸುವಿಗೂ ಹೋರಿ ಕರುವಿಗೂ ಕೊಳ್ಳುವವರು ಕಮ್ಮಿ. ಕೊನೆವರೆಗೂ ನೀವೇ ಮೇವು ಹಾಕಬೇಕು ಅಂದುಕೊಂಡೇ ಶುರು ಮಾಡಿ. ಲಿಂಗ ನಿರ್ಧರಿತ ವೀರ್ಯದ ನಳಿಕೆ ಸಿಕ್ಕರೆ ಒಳ್ಳೇದು, ನೂರಕ್ಕೆ ತೊಂಬತ್ತು ಹೆಣ್ಣು ಕರು ಹುಟ್ಟುತ್ತವೆ.

ವಿಮೆ ಮತ್ತು ಸಾಲ

ವಿಮೆ ಮಾಡಿಸಿಯೇ ಹಸುವನ್ನು ಮನೆಗೆ ತನ್ನಿ. ನಾಲ್ಕಕ್ಕೆ 14,000 ಇಡಿ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ 2024ರಲ್ಲಿ ರೈತರ ಪಾಲಿನ ಕಂತನ್ನು ಶೇಕಡಾ 15ಕ್ಕೆ ಇಳಿಸಿದರು. ನಿಮ್ಮ ಪಶು ಆಸ್ಪತ್ರೆಯಲ್ಲಿ ಆ ಸೌಲಭ್ಯ ನಡೆಯುತ್ತಿದ್ದರೆ ಖರ್ಚು ತುಂಬಾ ಇಳಿಯುತ್ತದೆ. ಕಿವಿಯ ಟ್ಯಾಗ್ ಬಿದ್ದುಹೋದರೆ ಅದೇ ದಿನ ಹೋಗಿ ಹೊಸದು ಹಾಕಿಸಿ, ವಿಮೆಯವರಿಗೂ ಬರೆದು ಕೊಡಿ. ಟ್ಯಾಗ್ ಇಲ್ಲದ ಹಸು ಸತ್ತರೆ ಪರಿಹಾರ ಸಿಗಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ಬೀದಿಯಲ್ಲೇ ಹಸು ಕಳೆದುಕೊಂಡು ಬರಿಗೈಲಿ ಕೂತವರನ್ನು ನೋಡಿದ್ದೇನೆ. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ, ಅದೂ ಉಚಿತ, ತಪ್ಪಿಸಬೇಡಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಆಂಬ್ಯುಲೆನ್ಸ್ ಸಿಗುತ್ತದೆ. ಆ ನಂಬರನ್ನು ಕೊಟ್ಟಿಗೆ ಕಂಬದ ಮೇಲೆ ಬರೆದಿಡಿ.

ಸಾಲದಲ್ಲಿ ಎರಡು ಬಗೆ ಇದೆ, ಬೆರೆಸಬೇಡಿ. ಹಿಂಡಿ, ಔಷಧಿಯಂಥ ನಡೆಸುವ ಖರ್ಚಿಗೆ ಕಿಸಾನ್ ಕ್ರೆಡಿಟ್ ಕಾರ್ಡ್. 2018-19ರಿಂದ ಪಶುಪಾಲನೆಗೂ ಇದು ಸಿಗುತ್ತಿದೆ. 2 ಲಕ್ಷದವರೆಗೆ ಶೇಕಡಾ 7 ಬಡ್ಡಿ, ಸಮಯಕ್ಕೆ ಕಟ್ಟಿದರೆ ಅದರಲ್ಲಿ ಶೇಕಡಾ 3 ರಿಯಾಯಿತಿ. ಹಸು ಕೊಳ್ಳುವುದಕ್ಕೆ ಬೇರೆ ಅವಧಿ ಸಾಲ. 2 ಲಕ್ಷವನ್ನು ಶೇಕಡಾ 11ರ ಬಡ್ಡಿಗೆ ಮೂರು ವರ್ಷಕ್ಕೆ ತೆಗೆದರೆ ಕಂತು ತಿಂಗಳಿಗೆ ಸುಮಾರು 6,550 ರೂಪಾಯಿ. ಮೇಲಿನ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ. ನಾಲ್ಕು ಹಸುವಿನ ತಿಂಗಳ ಉಳಿತಾಯವೇ ಅದಕ್ಕಿಂತ ಕಮ್ಮಿ. ಎರಡೇ ಹಸು ಇದ್ದು, ಎರಡೂ ಬತ್ತಿದರೆ ದಿನಕ್ಕೆ ಮೇವಿಗೆ 236, ಕಂತಿಗೆ 218, ಒಟ್ಟು 454 ರೂಪಾಯಿ ಹೋಗುತ್ತಿರುತ್ತದೆ, ಬರುವುದು ಸೊನ್ನೆ. ಪೂರ್ತಿ ಸಾಲದಲ್ಲಿ ಹಸು ಕಟ್ಟಬೇಡಿ ಅನ್ನುವುದು ಇದಕ್ಕೇ. ಕೊಳ್ಳುವ ಬೆಲೆಯಲ್ಲಿ ಅರ್ಧವಾದರೂ ಕೈದುಡ್ಡಿರಲಿ.

ಆಪತ್ತಿನ ದುಡ್ಡು

ಎರಡು ತಿಂಗಳು ಬತ್ತಬೇಕಾದ ಹಸುವಿನ ಬೆದೆ (ಗಬ್ಬ ಕಟ್ಟಿಸುವ ಹೊತ್ತು) ಎರಡು ಮೂರು ಸಲ ನಮ್ಮ ಕಣ್ಣು ತಪ್ಪಿದರೆ, ಗಬ್ಬ ತಡವಾಗಿ ನಾಲ್ಕು ತಿಂಗಳವರೆಗೂ ಬತ್ತುತ್ತದೆ. 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ರಾತ್ರಿ ಬಂದು ಬೆಳಿಗ್ಗೆ ಇಳಿದರೆ ನಮಗೆ ಗೊತ್ತೇ ಆಗಲ್ಲ. ಒಂದು ಸಲ ತಪ್ಪಿದರೆ ಇನ್ನೂ 21 ದಿನದ ಮೇವು ಸುಮ್ನೆ ಹೋಯಿತು. ಹಾಗಾಗಿ ಎರಡು ಹಸುವಿನ ನಾಲ್ಕು ತಿಂಗಳ ಮೇವು 28,320, ದೊಡ್ಡ ಚಿಕಿತ್ಸೆಯೊಂದಕ್ಕೆ 12,000, ಸಾಲದ ಮೂರು ಕಂತು 19,650. ಹತ್ತಿರ ಹತ್ತಿರ 60,000. ಇದನ್ನು ಬೇರೆ ಖಾತೆಯಲ್ಲಿಡಿ. ಕೈಯಲ್ಲಿದ್ದರೆ ಹಬ್ಬಕ್ಕೋ ಮದುವೆಗೋ ಹೋಗುತ್ತದೆ.

ಈಗ ಎಲ್ಲಾ ಒಂದು ಹಾಳೆಗೆ ತರೋಣ:

ಹಸು ನಾಲ್ಕು: 3,20,000
ಗಾಡಿ, ವೈದ್ಯರ ತಪಾಸಣೆ: 8,000
ಕೊಟ್ಟಿಗೆ: 90,000
ಮ್ಯಾಟು: 10,000
ಮೇವು ಯಂತ್ರ: 25,000
ನೀರಿನ ವ್ಯವಸ್ಥೆ: 8,000
ಕ್ಯಾನು, ಬಕೆಟ್ಟು ಇತ್ಯಾದಿ: 6,000
ಹಸಿ ಮೇವಿನ ತಾಕು: 15,000
ಒಣ ಹುಲ್ಲು: 33,000
ಮೊದಲ ತಿಂಗಳ ಹಿಂಡಿ, 9 ಮೂಟೆ: 12,000
ವಿಮೆ: 14,000
ಆಪತ್ತಿನ ದುಡ್ಡು: 60,000

ಒಟ್ಟು 6,01,000. ಹಸುವಿನ ಬೆಲೆ ಇದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡನೇ ಜೋಡಿಯ ಬೆಲೆ, ಗಾಡಿ, ವಿಮೆ ಆಮೇಲಿನದು. ಹಾಗಾಗಿ ಮೊದಲ ಜೋಡಿ ತರುವ ಹೊತ್ತಿಗೆ ಕೈಯಲ್ಲಿರಬೇಕಾದ್ದು 4,30,000. ಅಷ್ಟಿಲ್ಲದಿದ್ದರೆ ಎರಡರ ಬದಲು ಒಂದು ಹಸು ತನ್ನಿ, ಆಪತ್ತಿನ ದುಡ್ಡನ್ನು ಮಾತ್ರ ಕತ್ತರಿಸಬೇಡಿ.

ಎರಡನೇ ಜೋಡಿ ಯಾವಾಗ?

ಐದಾರು ತಿಂಗಳು ಅಂತ ಹೇಳಿದೆ, ಆದರೆ ಕ್ಯಾಲೆಂಡರ್ ನೋಡಿ ಹೊರಡಬೇಡಿ. ಮೊದಲ ಎರಡೂ ಹಸು ಗಬ್ಬ ನಿಂತಿವೆ ಅಂತ ವೈದ್ಯರು ಕೈ ಹಾಕಿ ನೋಡಿ ಹೇಳಿರಬೇಕು. ನೇಪಿಯರ್ ಎರಡು ಮೂರು ಕೊಯ್ಲು ಕೊಟ್ಟಿರಬೇಕು. ಆಪತ್ತಿನ ಖಾತೆಯ 60,000 ಹಾಗೇ ಇರಬೇಕು. ಮೂರೂ ಆಗಿದ್ದರೆ ಹೊರಡಿ. ಯಾವುದಾದರೂ ಒಂದು ಆಗಿಲ್ಲವಾದರೆ ಒಂದು ತಿಂಗಳು ತಡೆಯಿರಿ.

ಹೊಸ ಜೋಡಿ ಬಂದಾಗ ಸೀದಾ ಕೊಟ್ಟಿಗೆಗೆ ನುಗ್ಗಿಸಬೇಡಿ. ಮೂರು ವಾರ ಮರದ ಕೆಳಗೋ ಚಪ್ಪರದ ಕೆಳಗೋ ದೂರ ಕಟ್ಟಿ. ಅವುಗಳ ಬಕೆಟ್ಟು, ನೀರಿನ ತೊಟ್ಟಿ ಬೇರೆ ಇರಲಿ. ಹಳೇ ಹಸು ಕರೆದಾದ ಮೇಲೆ ಇವನ್ನು ಕರೆಯಿರಿ, ಕೈ ಸೋಪಲ್ಲಿ ತೊಳೆದುಕೊಂಡು.